ಮಾಡದಕೆರೆಗೆ ಹೋದ ಗೋದಲಿ

ಮರಗೆಲಸದಲ್ಲಿ ಅಂಥ ಕಷ್ಟ ಏನಿದೆ ಎಂದು ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮರ ಮೆತ್ತಗಿರುತ್ತದೆ, ಉಳಿ ಗಟ್ಟಿಯಾಗಿರುತ್ತದೆ. ಗಟ್ಟಿಯಾದದ್ದರಿಂದ ಮೆತ್ತಗಿನದಕ್ಕೆ ಹೊಡೆದರೆ ಅದು ಹೇಳಿದ ಹಾಗೆ ಕೇಳಬೇಕು. ಇಷ್ಟೇ ತಾನೆ! ಚಿತ್ರದುರ್ಗದ ಪೇಟೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಎದುರಿಗೇ ಬಡಗಿ ವೀರಾಚಾರ್ರ ಚಪ್ಪರ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಂದರೆ ದಿನದ ಬಹುಪಾಲು, ನಾನು ಗಾದಿಯ ಮೇಲೆ ಕೂತು ಅವರ ಕೆಲಸವನ್ನೇ ನೋಡುತ್ತಿದ್ದೆ. ಹತ್ತು ವರ್ಷ ಹೀಗೆ ನೋಡಿದವನು ಅರ್ಧ ಬಡಗಿಯಾದರೂ ಆಗಿರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಉಳಿದ ಅರ್ಧ, ಕೈಗೆ ಉಳಿ ಬಂದ ಮೇಲೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ.

ಆದರೆ ಮರದ ಮೇಲೆ ನನಗೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿ ಬಂದದ್ದೇನೂ ಅಲ್ಲ. ನಿಜ ಹೇಳಿಬಿಡುತ್ತೇನೆ. ನನ್ನ ಹೆಂಡತಿ ಗೌರಿ ತವರಿಗೆ ಹೋಗಿದ್ದಳು. ಏಳು ತಿಂಗಳಿಗೆ ಕುಬುಸ ಮಾಡಿ, ಮಡಿಲು ತುಂಬಿ, ಮಾವನವರು ಗಾಡಿಗೆ ಮೆತ್ತೆ ಹಾಸಿ ಮಾಡದಕೆರೆಗೆ ಕರೆದುಕೊಂಡು ಹೋದರು. ಚೊಚ್ಚಲ ಹೆರಿಗೆ. ಹೆರಿಗೆಯಾಗಿ, ಬಾಣಂತನ ಮುಗಿದು ಅವಳು ತಿರುಗಿ ಬರುವ ಹೊತ್ತಿಗೆ ವರ್ಷ ಹತ್ತಿರ ಹತ್ತಿರ ಕಳೆದಿರುತ್ತದೆ.

ಅವಳು ಮನೆಯಲ್ಲಿದ್ದ ಮೂರು ವರ್ಷದಲ್ಲಿ ನಾನು ಅವಳ ಜೊತೆ ಆಡಿದ ಮಾತುಗಳನ್ನು ಒಟ್ಟುಗೂಡಿಸಿದರೆ ಒಂದು ಹಾಳೆ ತುಂಬುವುದೂ ಕಷ್ಟ. ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದೆ. ಕೊಡೆ ಎಲ್ಲಿ ಅನ್ನುತ್ತಿದ್ದೆ. ಅವ್ವ ಮನೆಯಲ್ಲಿರುವಾಗ ಗಂಡ ಹೆಂಡತಿ ಕೂತು ಮಾತಾಡುವುದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣವಲ್ಲ. ಅವಳು ಹೋದ ಮೇಲೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಒಲೆಯ ಹತ್ತಿರ ಅವ್ವ ಇರುತ್ತಿದ್ದಳು, ಊಟವೂ ಇರುತ್ತಿತ್ತು, ಉಪ್ಪೂ ಸರಿಯಾಗಿಯೇ ಇರುತ್ತಿತ್ತು. ಬಳೆಯ ಸದ್ದು ಮಾತ್ರ ಇರುತ್ತಿರಲಿಲ್ಲ. ನಾನು ಕೈಕಾಲು ತೊಳೆಯಲಿ ಎಂದು ಹೊಸ್ತಿಲ ಪಕ್ಕ ಒಂದು ತಂಬಿಗೆ ನೀರು ಯಾವಾಗಲೂ ತುಂಬಿರುತ್ತಿತ್ತು. ಅದನ್ನು ತುಂಬಿಡುವವರು ಒಬ್ಬರಿದ್ದರು ಎಂದು ನನಗೆ ಗೊತ್ತಾದದ್ದು ಅದು ಖಾಲಿ ಬಿದ್ದಾಗಲೇ. ನನಗೆ ಅವಳನ್ನು ನೋಡಬೇಕು ಅನ್ನಿಸುತ್ತಿತ್ತು. ಬೆಳಿಗ್ಗೆ ಅನ್ನಿಸುತ್ತಿತ್ತು, ಪಂಚೆ ಅಳೆಯುವಾಗ ಅನ್ನಿಸುತ್ತಿತ್ತು, ಗಿರಾಕಿ ಬಂದು ಸೀರೆಯ ಸೆರಗು ಬಿಚ್ಚಿ ತೋರಿಸಿ ಅಂದಾಗ ವಿಪರೀತ ಅನ್ನಿಸುತ್ತಿತ್ತು.

ಹೋಗಿ ನೋಡಿಕೊಂಡು ಬಾ ಎಂದು ನೀವು ಹೇಳಬಹುದು. ಅದು ಹಾಗೆಲ್ಲ ಆಗುವ ಮಾತಲ್ಲ. ಕುಬುಸ ಮಾಡಿ ಕಳಿಸಿದ ಮೇಲೆ ಕೂಸು ಹುಟ್ಟಿದ ಸುದ್ದಿ ಬರುವ ತನಕ ಅಳಿಯ ಆ ಊರಿನ ಕಡೆ ತಲೆ ಹಾಕಬಾರದು. ಹಾಕಿದರೆ ಹೆಂಡತಿ ಬಿಟ್ಟಿರಲಾರದವನು ಎಂದು ಇಡೀ ಊರು ಸೆರಗು ಬಾಯಿಗಿಟ್ಟುಕೊಂಡು ನಗುತ್ತದೆ. ಕಾಗದ ಬರೆಯೋಣವೆಂದರೆ ಗೌರಿಗೆ ಓದು ಬರಹ ಬಾರದು. ಬಂದ ಕಾಗದವನ್ನು ಮಾವನವರು ಜಗಲಿಯಲ್ಲಿ ಕೂತು ಹತ್ತು ಜನರ ನಡುವೆ ಗಟ್ಟಿಯಾಗಿ ಓದುತ್ತಾರೆ. ಆದ್ದರಿಂದ ನಾನು ಎದೆಯೊಳಗಿದ್ದದ್ದನ್ನೆಲ್ಲ ಕೂಡಿಸಿ, ‘ನಾವು ಕ್ಷೇಮ, ನಿಮ್ಮ ಕಡೆ ರಾಗಿ ಹೇಗಿದೆ’ ಎಂದು ಬರೆದೆ. ರಾಗಿ ಚೆನ್ನಾಗಿದೆ ಎಂದು ಮಾವನವರು ಎರಡು ಪುಟ ಉತ್ತರ ಬರೆದರು.

ಆಗ ನನಗೆ ಈ ಉಪಾಯ ಹೊಳೆಯಿತು. ಕೆಲಸವಿಲ್ಲದೆ ಹೋದರೆ ತಾನೆ ನಗುವುದು? ಕೈಯಲ್ಲಿ ಒಂದು ಸಾಮಾನು ಹಿಡಿದು ಹೋದರೆ! ನನ್ನ ಕೈಯಾರೆ ಒಂದು ತೊಟ್ಟಿಲು ಮಾಡಬೇಕು. ಸೂಕ್ಷ್ಮವಾದ ಸಾಮಾನು, ಬೇರೆಯವರ ಕೈಗೆ ಕೊಟ್ಟು ಕಳಿಸುವ ಹಾಗಿಲ್ಲ, ಅದಕ್ಕೇ ನಾನೇ ತಂದೆ ಎನ್ನಬೇಕು. ಯಾರು ಬೇಡ ಅನ್ನುತ್ತಾರೆ?

ವೀರಾಚಾರ್ರು ಬೇಡ ಅಂದರು. ಅವರು ಮೆಲುದನಿಯ ಮನುಷ್ಯ, ಬಾಯಲ್ಲಿ ಎಲೆಯಡಿಕೆ ಇದ್ದಾಗಲಂತೂ ಮಾತು ಇನ್ನೂ ಕಮ್ಮಿ. ನಾನು ತೊಟ್ಟಿಲು ಎಂದ ಕೂಡಲೇ ಎಲೆಯಡಿಕೆ ಉಗಿದು ಬಂದರು.

“ಸಾವ್ಕಾರ್ರೆ, ಕೂಸು ಭೂಮಿಗೆ ಬೀಳೋಕ್ಕಿಂತ ಮುಂಚೆ ತೊಟ್ಲು ಮಾಡಬಾರ್ದು. ನಮ್ಮಪ್ಪ ಮಾಡಿಲ್ಲ, ನಾನೂ ಮಾಡಲ್ಲ. ಕೂಸು ಹುಟ್ಲಿ, ಸುದ್ದಿ ಬರ್ಲಿ, ಮೂರೇ ದಿನದಾಗೆ ಮಾಡಿ ಕೊಡ್ತೀನಿ.”

ಇದು ನನಗೂ ಗೊತ್ತಿದ್ದ ಸಂಗತಿಯೇ. ಬರಿದಾದ ತೊಟ್ಟಿಲು ಮನೆಯಲ್ಲಿ ಕೂತು ಕೂಸಿಗಾಗಿ ಕಾಯಬಾರದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಸೆ ಎಂಬುದು ಹುಟ್ಟಿದ ಮೇಲೆ ಕಾನೂನಿನ ಬುದ್ಧಿಯೂ ಹುಟ್ಟುತ್ತದೆ. ಹಾಗಾದರೆ ತೊಟ್ಟಿಲು ಬೇಡ, ಗೋದಲಿ ಮಾಡುತ್ತೇನೆ ಅಂದೆ. ದನ ಮೇವು ತಿನ್ನುವ ಗೋದಲಿ. ಮಾವನವರ ಕೊಟ್ಟಿಗೆಗೆ. ಗೋದಲಿಗೂ ತಳ ಇರುತ್ತದೆ, ನಾಲ್ಕು ಪಕ್ಕ ಇರುತ್ತದೆ. ಮುಂದೆ ಯಾವತ್ತಾದರೂ ಅದರಲ್ಲಿ ಯಾರಾದರೂ ಮಲಗಿದರೆ ಅದು ಮಲಗಿದವರ ಇಷ್ಟ. ಆಚಾರ್ರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಗೋದಲಿಗಾದರೆ ಅಡ್ಡಿಯಿಲ್ಲ ಅಂದರು. ನಗಲಿಲ್ಲ. ಆ ಕಾಲದಲ್ಲಿ ಜನ ಅಷ್ಟು ಒಳ್ಳೆಯವರಿದ್ದರು.

ಮರ ಯಾವುದು ಎಂಬ ಪ್ರಶ್ನೆ ಬಂತು. ಇಲ್ಲಿ ಆಚಾರ್ರು ಇದ್ದಕ್ಕಿದ್ದ ಹಾಗೆ ಮಾತುಗಾರರಾದರು. ತೇಗ ಹೇಳಿದ ಹಾಗೆ ಕೇಳುತ್ತದಂತೆ, ಹೊಸಬರಿಗೆ ಅದೇ ಒಳ್ಳೆಯದಂತೆ. ಜಾಲಿಗೆ ಮೊಂಡುತನ ಹೆಚ್ಚು, ಅದು ಗಾಡಿಯ ಗಾಲಿಗೆ, ನೇಗಿಲಿಗೆ ಸರಿ. ಬೇವಿಗೆ ಹುಳ ಬೀಳುವುದಿಲ್ಲ. ಬೀಟೆ ಅಂದರೆ ಅಮಲ್ದಾರರ ಮನೆಯ ಮಂಚ. ಹೊನ್ನೆ ಬಹಳ ಗಟ್ಟಿ, ಬಾಳಿಕೆ ಬರುತ್ತದೆ, ಆದರೆ… ಎಂದು ಅವರು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ನಾನು ಅಲ್ಲಿ ಬಿದ್ದಿದ್ದ ಒಂದು ಹೊನ್ನೆಯ ತುಂಡನ್ನು ಎತ್ತಿಕೊಂಡಿದ್ದೆ. ಕೊಯ್ದ ಮಗ್ಗುಲಿನ ಬಣ್ಣ, ಅರಿಶಿನ ಹಚ್ಚಿ ಸ್ನಾನ ಮಾಡಿ ಬಂದ ಗೌರಿಯ ಕೆನ್ನೆಯ ಹಾಗಿತ್ತು. ಹೊನ್ನೆಯೇ ಆಗಬೇಕು ಅಂದುಬಿಟ್ಟೆ. ‘ಆದರೆ’ ಎಂಬ ಮಾತಿನ ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಈ ಕಥೆಯಲ್ಲಿ ಆದ ಅನಾಹುತದ ಮುಕ್ಕಾಲು ಪಾಲು ಆ ‘ಆದರೆ’ಯ ಹಿಂದೆ ಕೂತಿತ್ತು.

ಶಿವಮೊಗ್ಗದ ಕಡೆಯಿಂದ ಬರುವ ಗಾಡಿಯವರ ಹತ್ತಿರ ಹಲಗೆ ಕೊಂಡೆ. ಹಸಿ ಹಲಗೆ. ಇವು ಒಂದು ಮಳೆಗಾಲ ನೆರಳಿನಲ್ಲಿ ಒಣಗಬೇಕು, ತುದಿ ಸೀಳದ ಹಾಗೆ ಎರಡೂ ಕೊನೆಗೆ ಸಗಣಿ ಬಳಿಯಬೇಕು ಎಂದು ಆಚಾರ್ರು ಹೇಳಿದರು. ಒಂದು ಮಳೆಗಾಲ! ಅಷ್ಟರಲ್ಲಿ ಕೂಸು ಹುಟ್ಟಿ, ಹಲ್ಲು ಬಂದು, ನನ್ನನ್ನು ಯಾರು ಎಂದು ಕೇಳುತ್ತಿರುತ್ತದೆ. ನಮ್ಮೂರಿನಲ್ಲಿ ಬಂಡೆಗಳಿಗೆ ಬರವೇ? ಮನೆಯ ಹಿಂದೆಯೇ ಒಂದು ಬಂಡೆ ಇತ್ತು. ಅವ್ವ ಅಲ್ಲಿ ಹಪ್ಪಳ ಹಾಕಿದರೆ ಮಧ್ಯಾಹ್ನದೊಳಗೆ ಒಣಗಿ ಗರಿಗರಿಯಾಗುತ್ತಿತ್ತು. ನಾನೂ ಹಲಗೆಗಳನ್ನು ಅಲ್ಲೇ ಸಾಲಾಗಿ ಹಾಸಿದೆ. ನಾಲ್ಕು ದಿನದಲ್ಲಿ ಹಲಗೆಗಳೂ ಹಪ್ಪಳದ ಹಾಗೆಯೇ ಒಣಗಿದವು. ಹಪ್ಪಳದ ಹಾಗೆಯೇ ಸೊಟ್ಟಗಾದವು. ಎರಡು ನಡುವೆ ಸೀಳಿದವು. ಸೀಳಿದ ಮೇಲೆ ನಾನು ವಿಧೇಯತೆಯಿಂದ ಸಗಣಿ ಬಳಿದೆ.

ಅವ್ವನಿಗೆ ಇದೆಲ್ಲ ಏನು ಎಂದು ಅನುಮಾನ ಬಂತು. ಮಾವನವರಿಗೆ ಗೋದಲಿ ಮಾಡುತ್ತಿದ್ದೇನೆ ಅಂದೆ. ಇಪ್ಪತ್ತು ದನ ಕಟ್ಟಿರುವ, ಕಲ್ಲಿನ ಗೋದಲಿ ಸಾಲಾಗಿ ಇರುವ ಮನೆಗೆ, ಒಂದು ಆಡನ್ನೂ ಸಾಕಿರದ ನಾನು ಯಾಕೆ ಗೋದಲಿ ಮಾಡಬೇಕು ಎಂದು ಅವಳು ಕೇಳಲಿಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪಣೆ ಅವಳ ಹತ್ತಿರ ಇತ್ತು.

“ಬಸುರಿ ಹೆಂಗಸಿನ ಗಂಡ ಮರ ಕಡೀಬಾರ್ದು ಕಣೋ ರುದ್ರ. ನಿನಗೆ ಯಾರೂ ಹೇಳಿಲ್ವಾ?”

ನಾನು ಕಡಿದಿಲ್ಲ, ಕಡಿದವನು ಶಿವಮೊಗ್ಗದ ಕಡೆಯವನು, ಅವನ ಹೆಂಡತಿಯ ವಿಚಾರ ನನಗೆ ತಿಳಿಯದು, ನಾನು ಬರೀ ಕೊಯ್ಯುತ್ತೇನೆ ಮತ್ತು ಕೀಸುತ್ತೇನೆ ಎಂದು ವಾದ ಮಾಡಿದೆ. ಅವ್ವ ನನ್ನ ಹಣೆಗೆ ಎರಡು ಸಲ ವಿಭೂತಿ ಹಚ್ಚಿ, ಕೊಯ್ಯೋದಾದರೆ ಮನೆಯಲ್ಲಿ ಬೇಡ, ಅಂಗಡಿಯಲ್ಲಿ ಇಟ್ಟುಕೋ ಅಂದಳು.

ಅಂಗಡಿಯಲ್ಲಿ ಜಾಗ ಎಲ್ಲಿದೆ? ಬಿಳಿ ಪಂಚೆಗಳ ಗಂಟುಗಳ ಮೇಲೆ ಹಲಗೆಗಳನ್ನು ಒತ್ತಾಗಿ ಪೇರಿಸಿದೆ. ಭಾರ ಬಿದ್ದರೆ ಸೊಟ್ಟ ನೇರವಾಗುತ್ತದೆ ಎಂಬ ಲೆಕ್ಕಾಚಾರವೂ ಇತ್ತು. ನಮ್ಮ ಕಡೆ ಮಳೆ ಬರುವುದೇ ಅಪರೂಪ. ವರ್ಷಕ್ಕೆ ಬರುವ ಹತ್ತು ಮಳೆಯಲ್ಲಿ ಒಂದು ಅದೇ ವಾರ ಬಂತು. ಅಂಗಡಿಯ ಹೆಂಚು ಒಂದು ಕಡೆ ಸೋರುತ್ತಿತ್ತು. ಆ ಒಂದು ಕಡೆಯ ಕೆಳಗೇ ನನ್ನ ಹಲಗೆಗಳಿದ್ದವು.

ಬೆಳಿಗ್ಗೆ ಬಾಗಿಲು ತೆಗೆದು ನೋಡಿದೆ. ಹಲಗೆಗೆ ಏನೂ ಆಗಿರಲಿಲ್ಲ. ಪಂಚೆಗಳೆಲ್ಲ ಹಳದಿ! ಅಂಚಿನಲ್ಲಿ ಹಳದಿ, ನಡುವೆ ಕಂದು, ಅಲ್ಲಲ್ಲಿ ಕಾವಿ. ಆಚಾರ್ರು ಬಂದು ನೋಡಿ, ಒಂದು ಪಂಚೆಯನ್ನು ಎತ್ತಿ ಬೆಳಕಿಗೆ ಹಿಡಿದು, ಹೊನ್ನೆಗೆ ನೀರು ತಾಗಿದರೆ ಬಣ್ಣ ಬಿಡುತ್ತದೆ, ಅವತ್ತೇ ಹೇಳಿದ್ದೆನಲ್ಲ ಅಂದರು. ಹೇಳಿದ್ದರು. ‘ಆದರೆ’ ಎಂದು ಹೇಳಿದ್ದರು. ಸೋಪು ಹಾಕಿದೆ, ಸುಣ್ಣ ಹಾಕಿದೆ, ಬಂಡೆಯ ಮೇಲೆ ಬಿಸಿಲಿಗೆ ಹಾಕಿದೆ. ಬಣ್ಣ ಇನ್ನೂ ಗಟ್ಟಿಯಾಗಿ ಕೂತಿತು. ಗಿರಾಕಿಗಳು ನಕ್ಕು ಮುಂದಕ್ಕೆ ಹೋದರು. ಕೊನೆಗೆ ಅವ್ವ, ಮಾಡಿದವನೇ ಉಟ್ಟು ಹರಿಯಲಿ ಎಂದು ತೀರ್ಪು ಕೊಟ್ಟು, ನನ್ನ ಬಿಳಿ ಪಂಚೆಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದಳು. ಅವತ್ತಿನಿಂದ ನಾನು ಯಾವ ಮಠಕ್ಕೂ ಸೇರದ ಸ್ವಾಮಿಯ ಹಾಗೆ ಪೇಟೆಯಲ್ಲಿ ಓಡಾಡತೊಡಗಿದೆ.

ಇನ್ನು ಕೆಲಸ. ಆಚಾರ್ರು ತಮ್ಮ ಹಳೆಯ ಉಳಿ, ಅದಕ್ಕೆ ಹೊಡೆಯುವ ಕೊಡತಿ, ಗರಗಸ, ಮರ ನುಣುಪು ಮಾಡುವ ಹತ್ತರಿ ಇಷ್ಟನ್ನು ಕೊಟ್ಟರು. ಉಳಿಯನ್ನು ನಯವಾದ ಕಲ್ಲಿಗೆ ನೀರು ಹಾಕಿ ಮಸೆಯಬೇಕು, ಮುಂಗೈ ಕೂದಲು ಬೋಳಿಸಿದರೆ ಹರಿತವಾಯಿತು ಎಂದು ಲೆಕ್ಕ ಅಂದರು. ನಾನು ಮನೆಯ ಮೆಟ್ಟಿಲು ಕಲ್ಲಿಗೆ ಮಸೆದೆ. ಕೂದಲು ಬೋಳಿಸಿ ನೋಡಿದೆ. ಕೂದಲು ಹಾಗೇ ಇತ್ತು, ಚರ್ಮ ಬಂತು. ಹತ್ತರಿ ಹೊಡೆಯುವಾಗ ಮರದ ಎಳೆ ಯಾವ ಕಡೆ ಓಡಿದೆ ನೋಡಿಕೊಂಡು ಹೊಡೆಯಿರಿ ಅಂದರು. ಆಚಾರ್ರು ಹೊಡೆದರೆ ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಬರುತ್ತಿತ್ತು. ನಾನು ಹೊಡೆದರೆ ಹತ್ತರಿ ನಿಂತಲ್ಲೇ ನಿಂತು, ನಾನು ಅದರ ಮೇಲೆ ಹಾರಿ ಆ ಕಡೆ ಬೀಳುತ್ತಿದ್ದೆ. ಅಪರೂಪಕ್ಕೆ ಒಂದು ಸುರುಳಿ ಸರಿಯಾಗಿ ಬಂತು. ಅದನ್ನು ಕಿವಿಯ ಹತ್ತಿರ ಹಿಡಿದು ನೋಡಿಕೊಂಡೆ. ಗೌರಿ ಇದ್ದಿದ್ದರೆ ತೋರಿಸಬಹುದಿತ್ತು ಅನ್ನಿಸಿತು. ತೋರಿಸಿ ಏನು ಹೇಳುತ್ತಿದ್ದೆ, ಅದು ಬೇರೆ ಮಾತು.

ಅಷ್ಟಾಗಿಯೂ ಆ ದಿನಗಳು ನನಗೆ ಹಿತವಾಗಿದ್ದವು. ಹತ್ತರಿ ಹೊಡೆಯುತ್ತ ಅವಳಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಕೀಸುತ್ತಿದ್ದೆ. ನೀನಿಲ್ಲದೆ ಮನೆ ಮನೆಯಾಗಿಲ್ಲ ಎನ್ನಬೇಕು. ಹುಷಾರಾಗಿ ಇರು ಎನ್ನಬೇಕು. ಹೆರಿಗೆಗೆ ಹೆದರಬೇಡ ಎನ್ನಬೇಕು. ಹೆದರಿಕೊಂಡಿರುವವನು ನಾನು ಎಂದೂ ಹೇಳಿಬಿಡಬೇಕು. ಮರ ಸೊಟ್ಟವಾಗಿತ್ತು, ಮಾತು ಮಾತ್ರ ದಿನದಿಂದ ದಿನಕ್ಕೆ ನುಣುಪಾಗಿ ಬರುತ್ತಿತ್ತು.

ಅಳತೆಗೆ ನಾನು ಗೇಣು ಹಿಡಿದಿದ್ದೆ. ಉದ್ದ ನಾಲ್ಕು ಗೇಣು, ಎತ್ತರ ಎರಡು ಗೇಣು. ಎಡಗಡೆಯ ಹಲಗೆಗಳನ್ನು ಅಳೆದು ಕೊಯ್ದಾದ ಮೇಲೆ ಕೊಡತಿ ಏಟು ಉಳಿಯ ಬದಲು ನನ್ನ ಬಲಗೈ ಹೆಬ್ಬೆರಳಿಗೆ ಬಿತ್ತು. ಉಳಿಯನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಯಾಕೆ ಹೊಡೆದೆ ಎಂದು ಆಚಾರ್ರು ಕೇಳಿದರು. ಬೆರಳು ಬಾಳೆಕಾಯಿಯಷ್ಟು ದಪ್ಪಗಾಯಿತು. ಅವ್ವ ಅರಿಶಿನ ಮೆತ್ತಿ ಬಟ್ಟೆ ಸುತ್ತಿದಳು. ನಾನು ಛಲ ಬಿಡದೆ ಅದೇ ಕೈಯಲ್ಲಿ ಗೇಣು ಹಾಕಿ ಬಲಗಡೆಯ ಹಲಗೆಗಳನ್ನೂ ಅಳೆದು ಕೊಯ್ದೆ. ಬಟ್ಟೆ ಸುತ್ತಿದ ಬೆರಳು ಪೂರ್ತಿ ಚಾಚುವುದಿಲ್ಲ, ಗೇಣು ಗಿಡ್ಡವಾಗುತ್ತದೆ ಎಂಬುದು ನಾಲ್ಕು ಪಕ್ಕ ಜೋಡಿಸಿ, ಬಿದಿರ ಬೆಣೆ ಬಡಿದ ಮೇಲೆ ತಿಳಿಯಿತು. ಎಡಗಡೆ ಎತ್ತರ, ಬಲಗಡೆ ತಗ್ಗು. ನೆಲದ ಮೇಲಿಟ್ಟರೆ ಅದು ಯಾರದೋ ಮಾತನ್ನು ಗಮನವಿಟ್ಟು ಕೇಳುತ್ತಿರುವಂತೆ ಒಂದು ಕಡೆ ವಾಲಿ ನಿಲ್ಲುತ್ತಿತ್ತು. ಕೊನೆಗೆ, ಆಸೆ ತಡೆಯಲಾರದೆ, ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಬಳೆಗಳನ್ನೂ ಹಾಕಿಬಿಟ್ಟೆ. ತೊಟ್ಟಿಲು ತೂಗು ಹಾಕಲು ಹಾಕುವಂಥವು.

ಅವ್ವ ಬಂದು ನೋಡಿ, ಬೀಗರ ಮನೆಗೆ ಕೊಡುವ ಸಾಮಾನನ್ನು ಪರೀಕ್ಷೆ ಮಾಡದೆ ಕಳಿಸಬಾರದು ಎಂದು ಪಕ್ಕದ ಮನೆಯ ಆಡನ್ನು ಹಿಡಿದು ತಂದಳು. ಗೋದಲಿಗೆ ಹುಲ್ಲು ಹಾಕಿದೆವು. ಆಡು ಹುಲ್ಲನ್ನು ಮೂಸಿ, ನನ್ನನ್ನು ನೋಡಿ, ಒಳಕ್ಕೆ ಹಾರಿ, ಕಾಲು ಮಡಿಸಿ ಮಲಗಿಬಿಟ್ಟಿತು. ಎಷ್ಟು ಎಳೆದರೂ ಏಳಲೊಲ್ಲದು. ಇದು ಏನೆಂದು ಅದಕ್ಕೆ ಅರ್ಥವಾಗಿತ್ತು! ಅವ್ವನಿಗೂ ಅರ್ಥವಾಯಿತೆಂದು ನನಗೆ ಈಗ ಅನ್ನಿಸುತ್ತದೆ. ಅವಳು ನಾಲ್ಕು ಬಳೆಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿ, ಒಳಗೆ ಹೋಗಿ, ಸೊಸೆಗೆಂದು ಒಂದು ಡಬ್ಬಿ ಎಳ್ಳಿನ ಚಿಗಳಿ ಉಂಡೆ ತಂದು ಇಟ್ಟಳು. ಯಾವಾಗ ಹೊರಡ್ತೀಯ ಅಂದಳು.

ಆಗಿನ್ನೂ ಚಿತ್ರದುರ್ಗಕ್ಕೆ ರೈಲು ಇರಲಿಲ್ಲ. ರೈಲು ಬೇಕಾದರೆ ಚಿಕ್ಕಜಾಜೂರಿಗೇ ಹೋಗಬೇಕು. ನಾನು ತಿಮ್ಮಣ್ಣನ ಎತ್ತಿನ ಗಾಡಿ ಗೊತ್ತು ಮಾಡಿ, ಗೋದಲಿಯ ಮೇಲೆ ಕಂಬಳಿ ಹೊದಿಸಿ, ಹೊಳಲ್ಕೆರೆಯ ದಾರಿ ಹಿಡಿದೆ. ಅಲ್ಲಿ ಒಂದು ರಾತ್ರಿ ತಂಗಿ, ಹೊಸದುರ್ಗ ದಾಟಿ ಮಾಡದಕೆರೆ ಮುಟ್ಟಬೇಕು. ದಾರಿಯುದ್ದಕ್ಕೂ ತಿಮ್ಮಣ್ಣ ಹಿಂದಿರುಗಿ ಕಂಬಳಿಯನ್ನು ನೋಡುವುದು, ನನ್ನ ಪಂಚೆಯನ್ನು ನೋಡುವುದು, ಎತ್ತಿಗೆ ಹೇ ಅನ್ನುವುದು ಇಷ್ಟೇ ಮಾಡಿದ. ನಾನು ಮಾತುಗಳನ್ನು ಮತ್ತೊಮ್ಮೆ ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ.

ಈಗ ನೀವೇ ಯೋಚಿಸಿ. ಹೇಳದೆ ಕೇಳದೆ ಅಳಿಯ ಬಂದಿದ್ದಾನೆ. ಉಟ್ಟದ್ದು ಕಾವಿ. ಕೈಗೆ ಬಟ್ಟೆ ಸುತ್ತಿದೆ. ಗಾಡಿಯಲ್ಲಿ ಕಂಬಳಿ ಹೊದಿಸಿದ ಉದ್ದನೆಯ ಏನೋ ಒಂದು ಇದೆ. ಜಗಲಿಯಲ್ಲಿ ಕಾಳು ಹಸನು ಮಾಡುತ್ತಿದ್ದ ಅತ್ತೆಯವರು ಮೊರ ಕೆಳಗೆ ಬಿಟ್ಟು ಬಾಯಿಗೆ ಕೈ ಇಟ್ಟುಕೊಂಡರು. ಅವ್ವನಿಗೆ ಏನೋ ಆಗಿದೆ, ಇಲ್ಲವೇ ನಾನು ಸಂಸಾರ ಬಿಟ್ಟು ಮಠಕ್ಕೆ ಸೇರಿ ಕೊನೆಯ ಸಲ ಹೇಳಿ ಹೋಗಲು ಬಂದಿದ್ದೇನೆ ಎಂದು ಅವರಿಗೆ ಅನ್ನಿಸಿತಂತೆ. ಅಳು ಶುರುವಾಗುವುದರಲ್ಲಿತ್ತು. ಮಾವನವರು ಮಾತ್ರ ಗಂಭೀರವಾಗಿ, ಬರ್ರಿ, ಕುಂತ್ಕಳ್ರಿ ಎಂದು ಕಂಬಳಿ ಹಾಸಿ, ಅವ್ವನ ಆರೋಗ್ಯ, ಅಂಗಡಿಯ ಆರೋಗ್ಯ, ಕೊನೆಗೆ ನನ್ನ ಆರೋಗ್ಯ ವಿಚಾರಿಸಿದರು. ಎಲ್ಲಾ ಚೆನ್ನಾಗಿದೆ ಅಂದೆ. ಹಾಗಾದರೆ ಈ ಬಟ್ಟೆ ಅಂದರು. ಹೊನ್ನೆ ಮರದ್ದು ಅಂದೆ.

ಗೋದಲಿಯನ್ನು ಇಳಿಸಿದರು. ಮಾವನವರು ಅದರ ಸುತ್ತ ಒಂದು ಸಲ ನಡೆದರು. ಬಳೆಗಳ ಹತ್ತಿರ ನಿಂತರು.

“ಅಳಿಯಂದಿರೆ, ಈ ಬಳೆ ಯಾತಕ್ಕೆ?”

“ತೂಗು ಹಾಕಾಕೆ.”

“ಗ್ವಾದ್ಲೀನ?”

“ಇಲಿ ಬರಬಾರ್ದು ಅಂತ.”

“ದನ ಹೆಂಗೆ ತಿಂತಾವೆ?”

“ಕತ್ತೆತ್ತಿ.”

ಇಪ್ಪತ್ತು ದನದ ಯಜಮಾನರು ಇದನ್ನು ಕೇಳಿ ತಲೆಯಾಡಿಸಿದರು. ಪೇಟೆಯವರು ಹೊಸ ಹೊಸದು ಕಂಡುಹಿಡಿಯುತ್ತಾರೆ ಅಂದರು. ಅತ್ತೆಯವರು ಕೊಟ್ಟಿಗೆಗೆ ಹೋಗಿ ತೆಕ್ಕೆ ತುಂಬ ಹುಲ್ಲು ತಂದು ಅದರೊಳಗೆ ತುಂಬಿ ಅದುಮಿದರು. ಬರಿದು ಇಡಬಾರದು ಎಂದಷ್ಟೇ ಹೇಳಿ ಒಳಗೆ ಹೋದರು. ನನ್ನ ಗೋದಲಿ ಕೊಟ್ಟಿಗೆಯ ಮೂಲೆ ಸೇರಿತು.

ಎರಡು ದಿನ ಇದ್ದೆ. ಹೋಳಿಗೆ ಉಂಡೆ. ಮಾವನವರ ಜೊತೆ ರಾಗಿ ಹೊಲ ನೋಡಿದೆ. ಅವರು ಬರೆದಿದ್ದಂತೆಯೇ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಅಡುಗೆಮನೆಯ ಬಾಗಿಲ ಹಿಂದೆ ಬಳೆಯ ಸದ್ದು ಕೇಳಿಸುತ್ತಿತ್ತು. ನನಗೆ ಗೊತ್ತಿದ್ದ ಸದ್ದು. ಎರಡು ಬಳೆ ಸೇರಿ ಆಗುವುದು, ಆಮೇಲೆ ಒಂದು ಚೂರು ತಡೆದು ಮೂರನೆಯದು. ಬಡಿಸಲು ಬರುವವರು ಅತ್ತೆಯವರು. ನಾನು ಆ ಬಾಗಿಲನ್ನು ನೋಡುತ್ತ ನೋಡುತ್ತ ಏಳು ಹೋಳಿಗೆ ತಿಂದೆನಂತೆ. ಅಳಿಯಂದಿರಿಗೆ ಹೋಳಿಗೆ ಬಹಳ ಇಷ್ಟ ಎಂದು ಊರಲ್ಲಿ ಮಾತಾಯಿತು. ಅಡಿ ಎಣಿಸಿದರೆ ಗೌರಿ ಹತ್ತು ಅಡಿ ದೂರ ಇದ್ದಳು. ನಾನು ಚಿತ್ರದುರ್ಗದಲ್ಲಿದ್ದಾಗಲೇ ಇನ್ನೂ ಹತ್ತಿರ ಇದ್ದಳೇನೋ ಅನ್ನಿಸಿ ಸಂಕಟವಾಯಿತು.

ಮೂರನೆಯ ಬೆಳಿಗ್ಗೆ ತಿಮ್ಮಣ್ಣ ಗಾಡಿ ಕಟ್ಟಿದ. ಮಾವನವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಗೋದಲಿ ಒಂದು ಕಡೆ ವಾಲಿದೆ, ಹೋಗುವ ಮುಂಚೆ ಒಂದು ಸಲ ನೋಡಿ ಸರಿ ಮಾಡಿಬಿಡಿ ಅಂದರು. ಹಾಗೆಂದು ಆಳುಗಳನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೊರಟುಹೋದರು. ನಾನು ಕೊಟ್ಟಿಗೆಗೆ ಹೋಗಿ, ವಾಲಿದ ಕಡೆಗೆ ಒಂದು ಕಲ್ಲು ಕೊಡಲು ಬಗ್ಗಿದ್ದೆ. ಹಿಂದೆ ಬಳೆಯ ಸದ್ದಾಯಿತು.

ಗೌರಿ ಒಂದು ತಂಬಿಗೆ ಮಜ್ಜಿಗೆ ಹಿಡಿದು ನಿಂತಿದ್ದಳು. ಮುಖ ತುಂಬಿಕೊಂಡಿತ್ತು. ನಡಿಗೆ ನಿಧಾನವಾಗಿತ್ತು. ಒಂದು ಕೈ ಸೊಂಟದ ಮೇಲಿತ್ತು. ಸುತ್ತ ದನಗಳು ಬಿಟ್ಟರೆ ಯಾರೂ ಇರಲಿಲ್ಲ. ನನ್ನ ಎದೆ ಕೊಡತಿಯ ಹಾಗೆ ಹೊಡೆದುಕೊಂಡಿತು.

“ಕೈಗೆ ಏನಾತು?” ಅಂದಳು.

ಕೊಡತಿ ಬಿತ್ತು ಅಂದೆ. ಮುಂದಕ್ಕೆ ಹೇಳಬೇಕು. ಅಷ್ಟು ದಿನ ಕೀಸಿ ಕೀಸಿ ಇಟ್ಟುಕೊಂಡ ಮಾತುಗಳಿವೆ. ಬಾಯಿ ತೆರೆದೆ. ಇದು ಹೊನ್ನೆ ಮರ ಎಂದು ಹೊರಬಂತು! ಆಮೇಲೆ ನಿಲ್ಲಲೇ ಇಲ್ಲ. ಹೊನ್ನೆ ಗಟ್ಟಿ, ಆದರೆ ಹಸಿ ಇದ್ದಾಗ ಬಿಸಿಲಿಗೆ ಹಾಕಬಾರದು ಅಂದೆ. ತೇಗಕ್ಕೂ ಜಾಲಿಗೂ ಇರುವ ವ್ಯತ್ಯಾಸ ತಿಳಿಸಿದೆ. ಉಳಿಯನ್ನು ಎಂಥ ಕಲ್ಲಿಗೆ ಮಸೆಯಬೇಕು, ಹತ್ತರಿ ಹೊಡೆಯುವಾಗ ಎಳೆ ಯಾವ ಕಡೆ ನೋಡಬೇಕು, ಬೆಣೆಗೆ ಎಂಥ ಬಿದಿರು ಆಗುತ್ತದೆ, ಒಂದನ್ನೂ ಬಿಡಲಿಲ್ಲ. ವೀರಾಚಾರ್ರು ಹತ್ತು ವರ್ಷದಲ್ಲಿ ಹೇಳಿದ್ದನ್ನೆಲ್ಲ ನಾನು ಆ ಹೊತ್ತಿನಲ್ಲಿ ಹೇಳಿ ಮುಗಿಸಿದೆ. ತುಂಬು ಬಸುರಿ ನನ್ನ ಎದುರಿಗೆ ನಿಂತು, ಒಂದು ಸಲವೂ ಕಣ್ಣು ಬೇರೆ ಕಡೆ ತಿರುಗಿಸದೆ ಎಲ್ಲವನ್ನೂ ಕೇಳಿದಳು.

ನಾನು ಮಜ್ಜಿಗೆ ಕುಡಿದು, ತಂಬಿಗೆ ಕೆಳಗಿಟ್ಟು, ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ಗೋದಲಿಯ ಅಂಚನ್ನು ಮುಟ್ಟಿ ನೋಡಿದಳು. ಒಳಗೆ ಕೈ ಹಾಕಿ ಹುಲ್ಲನ್ನು ಚೂರು ಸರಿಮಾಡಿದಳು.

“ನಿಮ್ ನೆನಪು ಬಾಳ ಆಗ್ತೈತೆ ನಂಗೆ,” ಅಂದಳು. “ದಿನಾ ಆಗ್ತೈತೆ.”

ಎಲ್ಲ ಗಂಡಸರೂ ಜನ್ಮದಲ್ಲಿ ಒಂದು ಸಲ ಕೇಳಬೇಕು ಅಂದುಕೊಳ್ಳುವ ಮಾತು. ಅದಕ್ಕೆ ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಹೇಳುತ್ತೇನೆ.

“ಹೊನ್ನೆಗೆ ನೀರು ತಾಗಿಸಬ್ಯಾಡ,” ಅಂದೆ. “ತುದಿಗೆ ಸಗಣಿ ಬಳಿ.”

ಗೌರಿ ನನ್ನನ್ನು ಒಂದು ಗಳಿಗೆ ನೋಡಿದಳು. ತುಟಿಯ ಕೊನೆಯಲ್ಲಿ ಏನೋ ಬಂದು ಹೋಯಿತು. ಆಗಲಿ, ಬಳೀತೀನಿ ಅಂದಳು. ಒಳಗಿನಿಂದ ಅತ್ತೆಯವರು ಕರೆದರು. ಅವಳು ಖಾಲಿ ತಂಬಿಗೆ ತೆಗೆದುಕೊಂಡು, ಸೊಂಟಕ್ಕೆ ಕೈ ಕೊಟ್ಟು, ನಿಧಾನವಾಗಿ ಹೊರಟುಹೋದಳು. ನಾನು ಗೋದಲಿಗೆ ಕಲ್ಲು ಕೊಟ್ಟು ಗಾಡಿ ಹತ್ತಿದೆ.

ಸರಿಯಾದ ಉತ್ತರ ನನಗೆ ಬಂದದ್ದು ಹೊಸದುರ್ಗ ದಾಟಿದ ಮೇಲೆ. ಪೂರ್ತಿಯಾಗಿ, ಒಂದು ಅಕ್ಷರ ಬಿಡದೆ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ ನಾನು ಗಾಡಿಯಲ್ಲಿ ಎದ್ದು ಕೂತು ಗಟ್ಟಿಯಾಗಿಯೇ ಹೇಳಿಬಿಟ್ಟೆ. ನಂಗೂ ಆಗ್ತೈತೆ ಗೌರಿ, ನೀನಿಲ್ಲದೆ ಮನೆ ಮನೆಯಾಗಿಲ್ಲ, ನನಗೆ ಬಾಳ ಹೆದರಿಕೆ ಆಗ್ತೈತೆ, ಹುಷಾರಾಗಿರು ಅಂದೆ. ಎತ್ತುಗಳು ಕಿವಿ ಅಲ್ಲಾಡಿಸಿದವು. ತಿಮ್ಮಣ್ಣ ಹಿಂದಕ್ಕೆ ತಿರುಗಲಿಲ್ಲ.

“ಇದನ್ನ ಅಲ್ಲೇ ಹೇಳ್ಬೇಕಿತ್ತು, ಸಾವ್ಕಾರ್ರೆ.”

ಗಾಡಿ ತಿರುಗಿಸು ಅಂದೆ. ತಿರುಗಿಸುತ್ತೇನೆ, ಎತ್ತಿಗೇನು ಕಷ್ಟ ಎಂದು ಅವನು ಹಗ್ಗ ಎಳೆದು ಗಾಡಿ ನಿಲ್ಲಿಸಿದ. ಆದರೆ ಈ ಸಲ ಅಲ್ಲಿ ಏನಂತ ಹೇಳಿ ಒಳಗೆ ಹೋಗ್ತೀರಿ ಎಂದು ಕೇಳಿದ.

ನಾನು ಯೋಚನೆ ಮಾಡಿದೆ. ಕೊಡಲು ಇನ್ನೊಂದು ಗೋದಲಿ ಇರಲಿಲ್ಲ. ಕೊಡೆ ಮರೆತೆ ಎನ್ನೋಣವೆಂದರೆ ಕೊಡೆ ತಂದೇ ಇರಲಿಲ್ಲ. ರಾಗಿಯನ್ನು ನೋಡಿಯಾಗಿತ್ತು. ನಾನು ಇನ್ನೂ ಯೋಚಿಸುತ್ತಿದ್ದೇನೆ ಎಂದು ನೋಡಿ ತಿಮ್ಮಣ್ಣ ಗಾಡಿಯನ್ನು ಮುಂದಕ್ಕೇ ಹೊಡೆದ. ನನ್ನ ಹೆಂಡತಿಯನ್ನು ನೋಡಬೇಕು ಎಂದು ಹೇಳಿಯೂ ಒಳಗೆ ಹೋಗಬಹುದು ಎಂಬುದು, ಹೊಳಲ್ಕೆರೆಯಲ್ಲಿ ಅವನು ಎತ್ತು ಬಿಚ್ಚುವ ತನಕ ನನಗೆ ತೋಚಲೇ ಇಲ್ಲ.